ಥೇಡಾಳ ಎರಡು ಸೆಕೆಂಡು

ಕ್ರೈಸ್ತರ ಪೆಂತೆಕೋಸ್ತ್ ಹಬ್ಬದ ರಜೆಯ ಶನಿವಾರ ಹಾರ್ಕ್‌ಸಾಂಡ್ ದ್ವೀಪಕ್ಕೆ ಎಷ್ಟು ವಿಮಾನ ಬರುತ್ತವೆ ಎಂಬುದನ್ನು ಯಾರೂ ಮುಂಚಿತವಾಗಿ ಹೇಳಲಾರರು. ಮಂಜು ಕವಿದರೆ ಒಂದೂ ಇಲ್ಲ. ಬಿಸಿಲು ಬಿದ್ದರೆ ನೂರರ ಮೇಲೆ. ಆ ಶನಿವಾರ ಬೆಳಗ್ಗೆ ಏಳು ಗಂಟೆಗೆ ಥೇಡಾ ಓಕೆನ್ ಗಾಜಿನ ಕೋಣೆಯ ಕಿಟಕಿ ತೆರೆದಾಗ ಆಕಾಶ ಆಗಷ್ಟೇ ತೊಳೆದು ಕವುಚಿಟ್ಟ ಪಿಂಗಾಣಿ ಬಟ್ಟಲಿನ ಹಾಗಿತ್ತು. ಎಲ್ಲಾದರೂ ಒಂದು ಚೂರು ಮೋಡವಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಹಾಗೆ ಹುಡುಕಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಅವಳಿಗೆ ಆ ದಿನ ಪರೀಕ್ಷೆ.

ಹಾರ್ಕ್‌ಸಾಂಡ್ ವಿಮಾನ ನಿಲ್ದಾಣವೆಂದರೆ ಕಡಲಕಟ್ಟೆಗೂ ಮರಳದಿಬ್ಬಗಳಿಗೂ ನಡುವೆ ಆರುನೂರು ಮೀಟರಿನ ಒಂದು ರನ್‌ವೇ, ವಿಮಾನ ನಿಲ್ಲಿಸಲು ಒಂದು ಹುಲ್ಲುಗಾವಲು, ಒಂದು ಚಹಾದಂಗಡಿ, ಅದರ ನೆತ್ತಿಯ ಮೇಲೆ ಸುತ್ತಲೂ ಗಾಜಿರುವ ಒಂದು ಕೋಣೆ. ಆ ಕೋಣೆಯಲ್ಲಿ ಒಬ್ಬರು ರೇಡಿಯೋ ಮುಂದೆ ಕೂರದೆ ನಿಲ್ದಾಣ ತೆರೆಯುವಂತಿಲ್ಲ. ಕೂತವರು ಅಪ್ಪಣೆ ಕೊಡುವವರೇನಲ್ಲ. ಗಾಳಿ ಎತ್ತಲಿಂದ, ರನ್‌ವೇಯ ಯಾವ ತುದಿಯಿಂದ ಇಳಿಯಬೇಕು, ಸುತ್ತ ಇನ್ನು ಯಾರಿದ್ದಾರೆ, ಗದ್ದಲವಿದ್ದರೆ ಯಾರು ಮೊದಲು, ಇಷ್ಟು ಹೇಳುವುದೇ ಕೆಲಸ. ಮೂವತ್ತೊಂದು ವರ್ಷ ರೇಮ್ಟ್ ಅದನ್ನು ಹೇಳಿದ್ದ, ಅದರ ಜೊತೆಗೆ ಹೇಳಬಾರದ ನೂರೆಂಟನ್ನೂ ಹೇಳಿದ್ದ. ಈಗ ಅವನಿಗೆ ಕಿವಿ ಮುಕ್ಕಾಲು ಹೋಗಿತ್ತು, ಜೋರಾಗಿ ಹೇಳಿದರಷ್ಟೇ ಕೇಳುತ್ತಿತ್ತು. ಜೂನ್ ಒಂದರಿಂದ ಅವನು ಆ ಕುರ್ಚಿಯಲ್ಲಿ ಕೂರುವಂತಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದರು.

ದ್ವೀಪದ ಮೇಲೆ ರೇಡಿಯೋದಲ್ಲಿ ಮಾತಾಡುವ ಪರವಾನಗಿ ಪತ್ರ ಇರುವ ಇನ್ನೊಬ್ಬ ಜೀವವೆಂದರೆ ಥೇಡಾ. ಹನ್ನೊಂದು ವರ್ಷದಿಂದ ಅವಳು ಅಲ್ಲಿ ಹುಲ್ಲು ಕತ್ತರಿಸಿದ್ದಳು, ವಿಮಾನಗಳಿಗೆ ಎಣ್ಣೆ ತುಂಬಿಸಿದ್ದಳು, ರನ್‌ವೇ ಮೇಲೆ ಬಿಸಿಲು ಕಾಯಿಸುವ ಮೊಲಗಳನ್ನು ಓಡಿಸಿದ್ದಳು, ಚಳಿಗಾಲದ ಖಾಲಿ ದಿನಗಳಲ್ಲಿ ರೇಮ್ಟ್ ಚಹಾಕ್ಕೆ ಇಳಿದಾಗ ಅವನ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಆ ಕುರ್ಚಿ ಬೇಕಿತ್ತು. ನಲವತ್ತನಾಲ್ಕು ವರ್ಷದಲ್ಲಿ ಅವಳು ಇಷ್ಟು ಬಾಯ್ಬಿಟ್ಟು ಬೇಕು ಎಂದ ವಸ್ತು ಇನ್ನೊಂದಿರಲಿಲ್ಲ. ಅವಳು ಪಾಸಾಗದಿದ್ದರೆ ಆಚೆ ದಡದಿಂದ ವಾರಕ್ಕೆ ಮೂರು ದಿನ ಒಬ್ಬ ಬರುತ್ತಾನೆ, ಉಳಿದ ನಾಲ್ಕು ದಿನ ನಿಲ್ದಾಣಕ್ಕೆ ಸರಪಳಿ.

ತೊಡಕು ಒಂದೇ. ಥೇಡಾ ಉಗ್ಗುತ್ತಿದ್ದಳು.

ಎಲ್ಲ ಮಾತಿಗಲ್ಲ, ಮೊದಲ ಪದಕ್ಕೆ ಮಾತ್ರ. ಅದು ಗಂಟಲಿನ ಬಾಗಿಲಲ್ಲಿ ಅಡ್ಡ ನಿಂತುಬಿಡುತ್ತಿತ್ತು. ದಾಟಿತೆಂದರೆ ಉಳಿದವು ಕಡಲಕಟ್ಟೆಯ ಕುರಿಗಳ ಹಾಗೆ ಒಂದರ ಹಿಂದೊಂದು ಸಲೀಸಾಗಿ ಬರುತ್ತಿದ್ದವು. ದ್ವೀಪದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅಲ್ಲಿ ಜನ "ಮೊಯಿನ್" ಎಂದು ಒಂದು ಪದದಲ್ಲಿ ಬೆಳಗನ್ನೂ ಸಂಜೆಯನ್ನೂ ಮುಗಿಸುವವರು. ದೋಣಿಯಲ್ಲಿ ದುಡಿದ ಅವಳ ಅಪ್ಪ ಇಡೀ ಊಟದಲ್ಲಿ ಎರಡು ವಾಕ್ಯ ಆಡಿದರೆ ಅಮ್ಮ, "ಏನು, ಜ್ವರವೇ?" ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಮೌನ ಅಲ್ಲಿ ಮನೆಯ ಸಾಮಾನಿನಂತೆ; ಎಲ್ಲರೂ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು. ಆದರೆ ರೇಡಿಯೋಗೆ ಮೌನ ಗೊತ್ತಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು.

ಪರೀಕ್ಷಕಿ ಲ್ಯೂರಿಂಗ್ ಎಂಟಕ್ಕೆ ಹತ್ತು ನಿಮಿಷ ಇರುವಾಗ ಮೊದಲ ವಿಮಾನದಲ್ಲಿ ಬಂದಿಳಿದಳು. ಎತ್ತರದ, ಬೂದುಗೂದಲಿನ ಹೆಂಗಸು. ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿಯಲಿಲ್ಲ. ಅವಳನ್ನು ಕರೆತಂದ ಊಬೋ ಆ ಕಡಲನ್ನು ದಿನಕ್ಕೆ ಹತ್ತು ಸಲ ದಾಟುವವನು. ಒಂಬತ್ತು ಸೀಟಿನ ಅವನ ವಿಮಾನವನ್ನು ದ್ವೀಪದವರು ಬಸ್ಸು ಎಂದೇ ಕರೆಯುತ್ತಿದ್ದರು.

ರೇಮ್ಟ್‌ನ ಹೆಂಡತಿ, ಚಹಾದಂಗಡಿಯ ಗೇಶೆ, ಪರೀಕ್ಷಕಿಗೆ ಮೇಲೆಯೇ ಚಹಾ ತಂದಿಟ್ಟಳು. ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಿಟಿಚಿಟಿ ಎಂದಿತು, ಕೆನೆ ಮೋಡದಂತೆ ಮೇಲೆದ್ದಿತು. ಲ್ಯೂರಿಂಗ್ ಚಮಚೆ ಹಾಕಿ ಗರಗರ ತಿರುಗಿಸಿದಳು.

"ಅಯ್ಯಯ್ಯೋ, ಕಲಕ್ಬಾರ್ದು ಮೇಡಂ!" ಗೇಶೆ ಎದೆ ಹಿಡಿದುಕೊಂಡಳು. "ಮೊದಲು ಕೆನೆ, ಆಮೇಲೆ ಕಹಿ, ಕೊನೇಲಿ ಸಿಹಿ. ಎಲ್ಲಾ ಒಂದೇ ಸಲ ಬೇಕು ಅಂದ್ರೆ ಹೇಗೆ?"

"ನಾನು ಅವಸರದವಳು," ಅಂದಳು ಲ್ಯೂರಿಂಗ್, ನಗದೆ.

ಎಂಟೂವರೆಗೆ ಮುಂದಿನ ಪೈಲಟ್ ಕರೆದ. ಥೇಡಾ ತನ್ನ ರೂಢಿಯಂತೆ ಮೈಕಿನ ಗುಂಡಿ ಒತ್ತಿ ಹಿಡಿದಳು, ಪದಕ್ಕಾಗಿ ಕಾದಳು, ಪದ ಬಂತು, ಗಾಳಿ ಪೂರ್ವದಿಂದ, ಪಶ್ಚಿಮದ ತುದಿಯಿಂದ ಇಳಿಯಿರಿ ಎಂದಳು. ಗುಂಡಿ ಬಿಟ್ಟಳು.

"ಈಗ ಏನು ಮಾಡಿದ್ರಿ?" ಲ್ಯೂರಿಂಗ್ ಕೇಳಿದಳು.

ಥೇಡಾ ತಿರುಗಿ ನೋಡಿದಳು.

"ಗುಂಡಿ ಒತ್ತಿ ಸುಮ್ನಿದ್ರಿ. ಎರಡು ಸೆಕೆಂಡು. ನಾನು ಎಣಿಸಿದೀನಿ. ಇಲ್ಲಿ ಇರೋದು ಒಂದೇ ದಾರಿ, ಒಂದು ಸಲಕ್ಕೆ ಒಬ್ರೇ ಮಾತಾಡೋಕಾಗೋದು. ನೀವು ಮಾತೂ ಆಡದೆ ದಾರೀನೂ ಬಿಡದೆ ಕೂತಿರೋ ಹೊತ್ತಲ್ಲಿ ಯಾರ್ದಾದ್ರೂ ಎಂಜಿನ್ ನಿಂತ್ರೆ? ಅವನ ಕೂಗು ಯಾರಿಗೆ ಕೇಳ್ಸುತ್ತೆ?" ದನಿಯಲ್ಲಿ ಕೊಂಕು ಇರಲಿಲ್ಲ. "ಮಾತು ಬಾಯಲ್ಲಿ ರೆಡಿ ಇದ್ದಾಗ ಮಾತ್ರ ಒತ್ತಿ."

ಥೇಡಾ ತಲೆಯಾಡಿಸಿದಳು. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದೇ ಕಷ್ಟ. ಸುಳ್ಳಾಗಿದ್ದರೆ ಒಳಗೊಳಗೇ ಜಗಳವಾಡಬಹುದಿತ್ತು.

ಒತ್ತಿ ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ರೇಮ್ಟ್. ಹಾರ್ಕ್‌ಸಾಂಡಿನ ರೇಡಿಯೋ ಹಳೆಯದು. ಮಾತಿಲ್ಲದೆ ಗುಂಡಿ ಒತ್ತಿದರೆ ಕೇಳುವವರ ಕಿವಿಯಲ್ಲಿ ಚಿಪ್ಪನ್ನು ಕಿವಿಗೆ ಹಿಡಿದಂಥ ಒಂದು ಸಣ್ಣ ಮೊರೆತ ಹುಟ್ಟುತ್ತಿತ್ತು. ಬೇರೆ ಯಾವ ನಿಲ್ದಾಣಕ್ಕೂ ಅದಿರಲಿಲ್ಲ. ಆ ಕರಾವಳಿಯ ಕಾಯಂ ಪೈಲಟ್‌ಗಳು ಅದನ್ನು ಕೇಳಿದರೆ, ಥೇಡಾ ಏನೋ ಹೇಳುತ್ತಾಳೆ, ತಡಿ, ಎಂದು ಬಾಯಿ ಮುಚ್ಚುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದನ್ನು ಲ್ಯೂರಿಂಗ್‌ಗೆ ಹೇಳಲು ಎಷ್ಟು ವಾಕ್ಯ ಬೇಕೆಂದು ಲೆಕ್ಕ ಹಾಕಿ ಥೇಡಾ ಸುಮ್ಮನಾದಳು.

ಒಂಬತ್ತರ ಹೊತ್ತಿಗೆ ವಿಮಾನಗಳು ಬರತೊಡಗಿದವು. ಹತ್ತಕ್ಕೆ ಅವು ಒಂದರ ಬಾಲವನ್ನೊಂದು ಹಿಡಿದು ಬಂದವು. ಥೇಡಾ ಹೇಳಿದಂತೆ ಕೇಳಿದಳು. ಪದ ಬಾಯಿಗೆ ಬರುವವರೆಗೆ ಕಾದಳು. ಬಂತು ಎಂದು ಒತ್ತುವಷ್ಟರಲ್ಲಿ ಇನ್ನೊಬ್ಬ ಮಾತಾಡುತ್ತಿದ್ದ. ಅವನು ಮುಗಿಸುವುದರೊಳಗೆ ಬಾಯಲ್ಲಿದ್ದ ಪದ ಹಿಂದೆ ಸರಿದಿರುತ್ತಿತ್ತು. ಮತ್ತೆ ಕಾಯಬೇಕು. ಮತ್ತೆ ಯಾರೋ ನುಗ್ಗುತ್ತಿದ್ದರು. ಇಬ್ಬರು ಒಟ್ಟಿಗೆ ಒತ್ತಿದರೆ ಕಿವಿ ಹರಿಯುವ ಕೀರಲು. ಇಬ್ಬರ ಮಾತೂ ಹಾಳು. ಗಂಟೆಯೊಳಗೆ ರೇಡಿಯೋ ಮೀನುಪೇಟೆಯಾಯಿತು.

"ಹಾರ್ಕ್‌ಸಾಂಡ್, ಅಲ್ಲಿ ಯಾರಾದ್ರೂ ಇದೀರಾ?" ಒಬ್ಬ ಕೇಳಿದ.

"ಇದಾರೆ, ಬೆಳಗಿನ ನಿದ್ದೆ," ಇನ್ನೊಬ್ಬ ಉತ್ತರಿಸಿದ.

"ನಾನು ಎಲ್ಲಿ ನಿಲ್ಲಿಸ್ಲಿ? ಹುಲ್ಲಲ್ಲಾ? ಚಹಾದಂಗಡಿ ಒಳಗಾ?"

"ಥೇಡಾ, ಎಲ್ಲಿ ಹೋದೆ ಮಾರಾಯ್ತಿ?" ಇದು ಊಬೋ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನು ಮೊರೆತಕ್ಕಾಗಿ ಕಾದು ಕಾದು ಸೋತಿದ್ದ.

ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಒಂದು ವಿಮಾನ ರನ್‌ವೇಯ ಬಾಯಲ್ಲೇ ನಿಂತುಕೊಂಡಿತು. ಅದರ ಹಿಂದೆ ಇಳಿಯಬೇಕಿದ್ದದ್ದು ನೆಲ ಮುಟ್ಟುವ ಮುಂಚೆ ಮತ್ತೆ ಮೇಲೇರಿ ಹೋಯಿತು. ಬೆನ್ನ ಹಿಂದೆ ಲ್ಯೂರಿಂಗ್‌ಳ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿತು. ಅದು ಬಹಳ ಹೊತ್ತು ಓಡಿತು.

ಹನ್ನೆರಡು ಹೊಡೆದಾಗ ಎಲ್ಲವೂ ನಿಂತಿತು. ಹನ್ನೆರಡರಿಂದ ಒಂದರವರೆಗೆ ಹಾರ್ಕ್‌ಸಾಂಡಿನಲ್ಲಿ ಎಂಜಿನ್ ಸದ್ದು ಕೂಡದು. ಕಡಲ ಗಾಳಿಗೆಂದು ಬಂದ ಪ್ರವಾಸಿಗರು ಆಗ ಮಲಗುತ್ತಾರೆ. ಕಾರುಗಳು ದ್ವೀಪದಲ್ಲಿ ಮೊದಲೇ ಇಲ್ಲ, ಹುಲ್ಲು ಕತ್ತರಿಸುವ ಯಂತ್ರಕ್ಕೂ ಆ ಹೊತ್ತು ಬೀಗ. ಗಂಟುಮೂಟೆ ಸಾಗಿಸುವ ಕುದುರೆಗಾಡಿಗಳು ಕೂಡ ಬೇಲಿ ಪಕ್ಕ ನಿಂತು ತೂಕಡಿಸುತ್ತವೆ. ತಡವಾಗಿ ಹೊರಟ ವಿಮಾನಗಳೆಲ್ಲ ಆಚೆ ದಡದಲ್ಲೋ ಕಡಲ ಮೇಲೋ ಕಾದು ಒಂದು ಗಂಟೆಗೆ ಸರಿಯಾಗಿ ಒಟ್ಟಿಗೆ ನುಗ್ಗುತ್ತವೆ.

ಥೇಡಾ ಕೆಳಗಿಳಿದು ಚಹಾದಂಗಡಿಯ ಮೂಲೆಯಲ್ಲಿ ಕೂತಳು. ಎದುರಿಗೆ ರೇಮ್ಟ್.

"ನಂಗೆ ಒಂದಕ್ಷರ ಕೇಳಿಸ್ಲಿಲ್ಲ," ಅವನು ಅರಚಿದ. ಕಿವುಡಾದಮೇಲೆ ಅವನು ಎಲ್ಲವನ್ನೂ ಅರಚುತ್ತಿದ್ದ. "ಆದ್ರೆ ನಿನ್ನ ಭುಜ ಕಿವಿಗೆ ಹತ್ತಿದ್ದು ಕೆಳಗಿಂದ್ಲೇ ಕಾಣ್ತಿತ್ತು. ಯಾಕೆ ಒತ್ತಿ ಹಿಡೀತಿಲ್ಲ?"

"ಅ... ಅವರು ಬೇಡ ಅಂದ್ರು."

"ನಾನು ಹೋಗಿ ಮಾತಾಡ್ತೀನಿ ಅವಳತ್ರ."

"ನೀನು ಮಾತಾಡೋದಾ?" ಗೇಶೆ ಲೋಟ ಕುಕ್ಕಿದಳು. "ಮೂವತ್ತೊಂದು ವರ್ಷ ಆಕಾಶಕ್ಕೆ ಮಾತಾಡಿದ್ದು ಸಾಲ್ದಾ ಮುದುಕಾ? ನಾನು ಮಾಡೋ ಮೀನಿಗೆ ಉಪ್ಪು ಜಾಸ್ತಿ ಅಂತ ಡೆನ್ಮಾರ್ಕಿನ ಪೈಲಟ್‌ಗಳಿಗೂ ಗೊತ್ತು!"

"ಜಾಸ್ತೀನೇ ಅಲ್ವಾ!"

"ಸುಮ್ನಿರು. ಥೇಡಾ, ಇನ್ನೊಂದು ಲೋಟ. ಮೂರು ಕುಡೀದೆ ಎದ್ರೆ ನಂಗೆ ಅವಮಾನ."

ಥೇಡಾ ಕುಡಿದಳು. ಕೆನೆ ಹೋಗಿ ಕಹಿ ಬಂದಿತ್ತು. ಅವಳು ಬೆಳಗನ್ನು ಮತ್ತೆ ಮೊದಲಿನಿಂದ ನೋಡಿದಳು, ಬಿಚ್ಚಿದ ಎಂಜಿನ್ನಿನ ಬಿಡಿಭಾಗಗಳನ್ನು ಚಾಪೆಯ ಮೇಲೆ ಹರಡಿಕೊಂಡು ನೋಡುವ ಹಾಗೆ. ತಪ್ಪು ಎಲ್ಲಿ? ಉಗ್ಗು ಹೊಸದಲ್ಲ. ಗದ್ದಲ ಹೊಸದಲ್ಲ. ಹೊಸದಾಗಿದ್ದದ್ದು ಒಂದೇ: ಮಾತು ಸಿದ್ಧವಾದ ಮೇಲೆ ಜಾಗ ಕೇಳಿದ್ದು. ಹಾಗೆ ಕೇಳಿದವಳಿಗೆ ಜಾಗ ಯಾರೂ ಕೊಡಲಿಲ್ಲ. ಮೊದಲು ಜಾಗ ಹಿಡಿದಾಗ ಮಾತು ಯಾವತ್ತೂ ಬಾರದೆ ಉಳಿದಿರಲಿಲ್ಲ. ಬೇರೆಯವರು ಮಾತಿನಿಂದ ಮಾಡುವ ಕೆಲಸವನ್ನು ತಾನು ಅದಕ್ಕೂ ಮುಂಚಿನ ಮೌನದಿಂದ ಮಾಡುತ್ತಿದ್ದೆ ಎಂದು ಅವಳಿಗೆ ಹೊಳೆಯಿತು. ಬೆಳಗ್ಗೆ ತನ್ನಿಂದ ಕಿತ್ತುಕೊಂಡದ್ದು ಕುಂದನ್ನಲ್ಲ, ಹತ್ಯಾರನ್ನೇ.

ಮೂರನೆಯ ಲೋಟ ಮುಗಿಸಿ ಎದ್ದಳು. ಮೆಟ್ಟಿಲು ಹತ್ತುವಾಗ ಕೆನ್ನೆಗೆ ಗಾಳಿ ಎಡದಿಂದ ಬಡಿಯಿತು. ಬೆಳಗ್ಗೆ ಬಲದಿಂದ ಬಡಿದಿತ್ತು. ಕಡಲಿನಲ್ಲಿ ಉಬ್ಬರ ಏರುತ್ತಿತ್ತು. ಬಿಸಿಲಿನ ದಿನ ನೀರು ತಿರುಗಿದರೆ ಹಾರ್ಕ್‌ಸಾಂಡಿನಲ್ಲಿ ಗಾಳಿಯೂ ತಿರುಗುತ್ತದೆ. ದ್ವೀಪದಲ್ಲಿ ಅದನ್ನು ಯಾರಿಗೂ ಯಾರೂ ಹೇಳಿಕೊಡುವುದಿಲ್ಲ. ಗಾಳಿಚೀಲ ಪಶ್ಚಿಮದಿಂದ ಪೂರ್ವಕ್ಕೆ ನೆಟ್ಟಗೆ ನಿಂತಿತ್ತು. ಇನ್ನು ಎಲ್ಲರೂ ಪೂರ್ವದ ತುದಿಯಿಂದ ಇಳಿಯಬೇಕು.

ಲ್ಯೂರಿಂಗ್ ಆಗಲೇ ಬಂದು ಕೂತಿದ್ದಳು.

"ನಾನು... ನನ್ನ ಹಾಗೇ ಮಾಡ್ತೀನಿ," ಥೇಡಾ ಹೇಳಿದಳು.

"ಅಂದ್ರೆ?"

"ಮೊದಲು ಒತ್ತೋದು. ಮಾತು ಆಮೇಲೆ. ಇಲ್ಲಿನವರಿಗೆ ಅದು ಗೊತ್ತು."

ಲ್ಯೂರಿಂಗ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಮಾಡಿದ್ರೆ ನಾನು ಬರೀಲೇಬೇಕು."

"ಬರೀರಿ."

"ಇನ್ನೊಂದು. ಅಪಾಯ ಅನ್ನಿಸಿದ ಕ್ಷಣ ಮೈಕ್ ನಾನು ತಗೋತೀನಿ. ತಗೊಂಡೆ ಅಂದ್ರೆ ಪರೀಕ್ಷೆ ಅಲ್ಲಿಗೇ ಮುಗೀತು. ಆಮೇಲೆ ಮಾತಿಲ್ಲ."

"ಆಯ್ತು," ಅಂದಳು ಥೇಡಾ. ಆ ಪದ ಒಂದಿಷ್ಟೂ ತಡೆಯದೆ ಬಂತು.

ಗಡಿಯಾರದ ಮುಳ್ಳು ಒಂದಕ್ಕೆ ಬಂದದ್ದೇ ತಡ, ಕಡಲ ಮೇಲೆ ಹನ್ನೊಂದು ವಿಮಾನ. ರೇಡಿಯೋ ಒಡೆದ ಜೇನುಗೂಡು. ಥೇಡಾ ಒಂದು ಎಳೆ ಬಿಡುವು ಕಂಡಳು, ಗುಂಡಿ ಒತ್ತಿ ಹಿಡಿದಳು.

ಹನ್ನೊಂದು ಜೊತೆ ಕಿವಿಗಳಲ್ಲಿ ಮೊರೆತ ಹುಟ್ಟಿರಬೇಕು. ಒಬ್ಬರಾದಮೇಲೊಬ್ಬರು ಸುಮ್ಮನಾದರು. ಆ ಮೌನದೊಳಗೆ ಅವಳ ಪದ ತನ್ನ ಪಾಡಿಗೆ ನಡೆದು ಬಂತು.

"ಹಾರ್ಕ್‌ಸಾಂಡ್ ತೆರೆದಿದೆ. ಗಾಳಿ ಪಶ್ಚಿಮದಿಂದ. ಎಲ್ಲರೂ ಪೂರ್ವದ ತುದಿಯಿಂದ. ಊಬೋ ಮೊದಲು, ಹಳದಿ ವಿಮಾನ ಎರಡನೆಯದು, ಉಳಿದವರು ದೀಪಸ್ತಂಭದ ಮೇಲೆ ಕಾಯಿರಿ, ಕರೀತೀನಿ."

"ಅಯ್ಯಾ, ಎದ್ದೆಯಾ ತಾಯಿ!" ಊಬೋ ಕೂಗಿದ. "ಬಸ್ಸು ಬರ್ತಿದೆ."

ಆಮೇಲಿನ ಮುಕ್ಕಾಲು ಗಂಟೆಯನ್ನು ಕೆಳಗೆ ಬೇಲಿ ಪಕ್ಕ ನಿಂತಿದ್ದ ಗಾಡಿಯವರು ವರ್ಷಗಟ್ಟಲೆ ಹೇಳಿಕೊಂಡರು. ವಿಮಾನಗಳು ದಾರಕ್ಕೆ ಪೋಣಿಸಿದ ಹಾಗೆ ಬಂದವು. ಒಂದು ಇಳಿದು ಹುಲ್ಲಿಗೆ ತಿರುಗುವಾಗ ಮುಂದಿನದು ಕಡಲಕಟ್ಟೆ ದಾಟುತ್ತಿತ್ತು, ಅದರ ಮುಂದಿನದು ನೀರಿನ ಮೇಲೆ ರೆಕ್ಕೆ ಓರೆ ಮಾಡುತ್ತಿತ್ತು. ಥೇಡಾ ಒಂದು ಸಲಕ್ಕೆ ನಾಲ್ಕು ಪದಕ್ಕಿಂತ ಹೆಚ್ಚು ಆಡಲಿಲ್ಲ. ಅವಳು ಮಾತು ಕಡಿಮೆ ಮಾಡಿದಷ್ಟೂ ಪೈಲಟ್‌ಗಳೂ ಕಡಿಮೆ ಮಾಡಿದರು. ಮೊದಲ ಬಾರಿ ಬಂದವರು ಕೂಡ ಹತ್ತು ನಿಮಿಷದಲ್ಲಿ ಪಾಠ ಕಲಿತರು: ಮೊರೆತ ಕೇಳಿದರೆ ತಡೆಯಬೇಕು. ಕುರುಚಲು ಹುಲ್ಲಿನ ಮೇಲೆ ಬಿಳಿ, ಕೆಂಪು, ಹಳದಿ ರೆಕ್ಕೆಗಳು ಸಾಲುಸಾಲಾಗಿ ನಿಂತವು. ಕುದುರೆಗಳು ಎದ್ದವು, ಗಾಡಿಗಳು ತುಂಬಿದವು, ಗೇಶೆಯ ಅಂಗಡಿಯಿಂದ ಬಾಗಿಲಾಚೆಗೆ ಸಾಲು ಬೆಳೆಯಿತು. ಬೆನ್ನ ಹಿಂದೆ ಪೆನ್ನಿನ ಸದ್ದು ನಿಂತಿತ್ತು. ಅದನ್ನು ಗಮನಿಸಲು ಥೇಡಾಳಿಗೆ ಪುರುಸೊತ್ತಿರಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿರುವಾಗ ಊಬೋ ಮತ್ತೆ ಬಂದ. ಎಂಟು ಪ್ರಯಾಣಿಕರು, ಒಂದು ನಾಯಿ. ಪೂರ್ವದ ತುದಿಯ ನೇರಕ್ಕೆ ಬಂದು ಕೆಳಗಿಳಿಯತೊಡಗಿದ. ರೇಡಿಯೋದಲ್ಲಿ ಇಬ್ಬರು ಒಬ್ಬರಾದಮೇಲೊಬ್ಬರು ಹೊರಡುವ ಮಾತಾಡುತ್ತಿದ್ದರು.

ಥೇಡಾ ಅಭ್ಯಾಸದಂತೆ ದುರ್ಬೀನನ್ನು ಇನ್ನೊಂದು ತುದಿಗೂ ತಿರುಗಿಸಿದಳು. ಅತ್ತ ಏನೂ ಇರಬಾರದು. ಮರಳದಿಬ್ಬಗಳ ಮೇಲೆ ಒಂದು ಬೆಳಕಿನ ಚುಕ್ಕೆ ಇತ್ತು. ಚುಕ್ಕೆಗೆ ರೆಕ್ಕೆ ಮೂಡಿತು, ಚಕ್ರ ಮೂಡಿತು. ಪಶ್ಚಿಮದ ತುದಿಯಿಂದ ಒಂದು ನೀಲಿ ವಿಮಾನ ನೇರವಾಗಿ ಇಳಿಯುತ್ತಿತ್ತು, ಯಾವ ಗುಮಾನಿಯೂ ಇಲ್ಲದೆ, ಊಬೋಗೆ ಮುಖಾಮುಖಿಯಾಗಿ. ನೀಲಿ ವಿಮಾನದವನು ಕರೆದಿದ್ದರೂ ಅವನ ಕರೆ ಯಾರದೋ ಮಾತಿನಡಿ ಸಿಕ್ಕಿ ಹೋಗಿತ್ತು. ಕೆಳಗಿನ ಬಿಸಿಲಿನ ಝಳದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಕಾಣುವಂತಿರಲಿಲ್ಲ. ಇಬ್ಬರೂ ಅದೇ ಆರುನೂರು ಮೀಟರಿಗೆ. ಮೂವತ್ತು ಸೆಕೆಂಡು, ಹೆಚ್ಚೆಂದರೆ ನಲವತ್ತು.

ರೇಡಿಯೋದಲ್ಲಿ ಹೊರಡುವವನು ಇನ್ನೂ ಮಾತಾಡುತ್ತಿದ್ದ. ಈಗ ಒತ್ತಿದರೆ ಕೀರಲು ಮಾತ್ರ. ಥೇಡಾ ಕಾದಳು. ಅವನು ಉಸಿರು ತೆಗೆದುಕೊಂಡ. ಅರ್ಧ ಸೆಕೆಂಡಿನ ಬಿರುಕು. ಇನ್ನೊಬ್ಬ ಅದರೊಳಗೆ ನುಗ್ಗುವ ಮುಂಚೆ ಅವಳು ಒತ್ತಿದಳು.

ಪದ ಇರಲಿಲ್ಲ.

ಗಂಟಲಿನ ಬಾಗಿಲು ಹಿಂದೆಂದೂ ಮುಚ್ಚದ ಹಾಗೆ ಮುಚ್ಚಿಕೊಂಡಿತು. ಕೆಳದವಡೆ ಕಲ್ಲಾಯಿತು. ಹಿಂದೆ ಕುರ್ಚಿ ದಡಕ್ಕನೆ ಸರಿದದ್ದು ಕೇಳಿತು. ಲ್ಯೂರಿಂಗ್ ಕೂಡ ನೋಡಿದ್ದಳು. ಅವಳ ಕೈ ಥೇಡಾಳ ಭುಜದ ಮೇಲಿಂದ ಮೈಕಿನತ್ತ ಚಾಚಿತು. ಥೇಡಾ ಎಡಮೊಣಕೈ ಎತ್ತಿ ಅದನ್ನು ತಡೆದಳು. ಹಾಗೆ ತಡೆದದ್ದು ಅವಳಿಗೆ ಗೊತ್ತಾದದ್ದೇ ಆಮೇಲೆ. ಆ ಕ್ಷಣಕ್ಕೆ ಗೊತ್ತಿದ್ದದ್ದು ಇಷ್ಟೇ: ಗುಂಡಿ ತನ್ನ ಬೆರಳಡಿಯಲ್ಲಿದೆ, ಇಡೀ ಆಕಾಶದಲ್ಲಿ ಈಗ ಒಬ್ಬನೂ ಮಾತಾಡುತ್ತಿಲ್ಲ, ಎಲ್ಲರೂ ತನಗಾಗಿ ಕಾಯುತ್ತಿದ್ದಾರೆ. ಒಂದು. ಅವಸರಪಟ್ಟರೆ ಬಾಗಿಲು ಇನ್ನೂ ಬಿಗಿಯುತ್ತದೆ. ದೂಡಬಾರದು. ಎರಡು.

"ಇಳೀತಿರೋ ಎಲ್ಲರೂ ಮೇಲೇಳಿ. ಬಲಕ್ಕೆ ತಿರುಗಿ. ಎದುರಿಂದ ವಿಮಾನ."

ಬಾವಿಗೆ ಬಿದ್ದ ಕಲ್ಲಿನ ಹಾಗೆ ಪ್ರತಿ ಪದವೂ ಬೇರೆಬೇರೆಯಾಗಿ ಕೇಳಿಸಿತು. ಪೂರ್ವದಲ್ಲಿ ಊಬೋನ ಎಂಜಿನ್ ಗುಡುಗಿತು. ದಪ್ಪ ಬಸ್ಸು ಮೂತಿ ಎತ್ತಿ ಬಲಕ್ಕೆ ಹೊರಳಿತು. ನೀಲಿ ವಿಮಾನ ಒಂದು ಎಣಿಕೆಯಷ್ಟು ಹೊತ್ತು ಹಾಗೆಯೇ ಇಳಿಯಿತು. ಆಮೇಲೆ ಅದರ ರೆಕ್ಕೆ ಅಲುಗಿತು, ಎದೆ ತೋರಿಸಿತು, ಅದೂ ತನ್ನ ಬಲಕ್ಕೆ, ಕಡಲಿನತ್ತ ಮೇಲೇರಿತು. ಗಾಜಿನ ಕೋಣೆಯ ಒಂದು ಪಕ್ಕದಲ್ಲಿ ಒಂದು, ಇನ್ನೊಂದು ಪಕ್ಕದಲ್ಲಿ ಇನ್ನೊಂದು ಹಾದುಹೋದಾಗ ಗಾಜುಗಳು ಗುಂಯ್‌ಗುಟ್ಟಿದವು. ನಡುವೆ ರನ್‌ವೇ ಖಾಲಿಯಾಗಿ, ಬಿಸಿಲಿನಲ್ಲಿ ಬೆಳ್ಳಗೆ ಮಲಗಿತ್ತು.

ಮೊದಲು ಕರೆದವನು ಊಬೋ.

"ಹಾರ್ಕ್‌ಸಾಂಡ್, ಬಸ್ಸು. ಎಂಟು ಜನ, ಒಂದು ನಾಯಿ, ಎಲ್ಲಾ ಕ್ಷೇಮ." ದೂರದಲ್ಲಿ ಬಸ್ಸು ರೆಕ್ಕೆ ನೆಟ್ಟಗೆ ಮಾಡಿಕೊಂಡಿತು. "ನಾಯಿ ಇನ್ನೊಂದ್ಸಲ ಮಾಡು ಅಂತಿದೆ. ನಾನು ಬೇಡ ಅಂದೆ."

ಥೇಡಾ ಒತ್ತಿದಳು, ಕಾದಳು. "ಊಬೋ ಮೊದಲು. ನೀಲಿ ವಿಮಾನ ಅವನ ಹಿಂದೆ. ಪೂರ್ವದ ತುದಿಯಿಂದ. ನೀಲಿಯವರೇ, ಅರ್ಥ ಆಯ್ತಾ?"

"ಆಯ್ತು," ಅಂದಿತು ಒಂದು ಸೋತ ದನಿ. "ಪೂರ್ವದ ತುದಿ. ಆಯ್ತು."

ಇಬ್ಬರೂ ಇಳಿದರು. ಮುಂದಿನವನನ್ನು ಕರೆದಳು. ಇನ್ನೂ ನಾಲ್ಕು ವಿಮಾನ ಇಳಿದವು. ಆಗ ಲ್ಯೂರಿಂಗ್ ಅವಳ ಮುಂದೆ ನೀರಿನ ಲೋಟ ಇಟ್ಟು ತನ್ನ ಕುರ್ಚಿಗೆ ಮರಳಿದಳು. ಪರೀಕ್ಷೆ ಮುಗಿಯಿತೋ ಮುಂದುವರಿಯಿತೋ ಥೇಡಾಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಆಕಾಶದಲ್ಲಿ ಇನ್ನೂ ಜನರಿದ್ದರು.

ಆರು ಗಂಟೆಗೆ ಕೊನೆಯ ವಿಮಾನ ಹೊರಟಾಗ ಆ ದಿನದ ಎಣಿಕೆ ನೂರ ಹದಿನೆಂಟು. ರೇಮ್ಟ್‌ನ ಕಾಲದಲ್ಲಿ ಒಂದು ದಿನಕ್ಕೆ ನೂರ ಆರರ ಮೇಲೆ ಹೋದದ್ದಿಲ್ಲ. ಥೇಡಾ ಮತ್ತು ಲ್ಯೂರಿಂಗ್ ಕೆಳಗಿಳಿದಾಗ ಚಹಾದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬಕ್ಕೆ ಉಳಿದ ಪೈಲಟ್‌ಗಳು, ಗಾಡಿಯವರು, ಊಬೋ, ಅವನ ಕಾಲ ಬಳಿ ಒಡೆಯನನ್ನು ಮರೆತು ಕೂತ ಆ ನಾಯಿ. ಮೇಜಿನ ಕೊನೆಯಲ್ಲಿ ಮುಖ ಬಿಳಿಚಿಕೊಂಡ ಒಬ್ಬ ಮನುಷ್ಯ ಎದ್ದು ನಿಂತ. ತೆಂಕಣದ ಬೆಟ್ಟದ ಕಡೆಯವನು, ಹೆಸರು ಫೋಗ್ಟ್‌ಮನ್. ನೀಲಿ ವಿಮಾನ ಅವನದು.

"ನಾನು ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಕೂಗಿ ಕೂಗಿ ಕೇಳಿದ್ದೆ," ಅವನು ಟೋಪಿ ಹಿಂಡುತ್ತ ಹೇಳಿದ. "ಪೂರ್ವದ ಗಾಳಿ, ಪಶ್ಚಿಮದ ತುದಿಯಿಂದ ಬನ್ನಿ ಅಂದ್ರು. ಬರೋಷ್ಟರಲ್ಲಿ ರೇಡಿಯೋದಲ್ಲಿ ಹೊರಡೋರ ಮಾತು ಮಾತ್ರ. ಇಳಿಯೋನು ನಾನೊಬ್ನೇ ಅಂದ್ಕೊಂಡೆ."

"ಫೋನಲ್ಲಿ ಹೇಳಿದ್ದು ನಾನೇ!" ರೇಮ್ಟ್ ಅರಚಿದ. "ಹನ್ನೊಂದಕ್ಕೆ ಅದು ನಿಜಾನೇ ಆಗಿತ್ತು!"

"ಮಧ್ಯಾಹ್ನ ಬದಲಾಗುತ್ತೆ ಅಂತ ಹೇಳ್ಲಿಲ್ವಾ?" ಲ್ಯೂರಿಂಗ್ ಕೇಳಿದಳು.

ರೇಮ್ಟ್ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ನೀರು ತಿರುಗಿದ್ರೆ ಗಾಳಿ ತಿರುಗುತ್ತೆ. ಅದನ್ನೂ ಹೇಳ್ಬೇಕಾ? ಅದು ಯಾರಿಗೆ ಗೊತ್ತಿಲ್ಲ?"

"ಬೆಟ್ಟದವನಿಗೆ ಗೊತ್ತಿಲ್ಲ ಕಣೋ!" ಗೇಶೆ ಅವನ ತೋಳಿಗೆ ಬಟ್ಟೆಯಿಂದ ಹೊಡೆದಳು. "ಲೋಕಕ್ಕೆಲ್ಲ ನನ್ನ ಉಪ್ಪಿನ ಸುದ್ದಿ ಹೇಳ್ದೆ, ಹೇಳ್ಬೇಕಾದ್ದೊಂದು ಬಿಟ್ಟೆ."

ನಗೆ ಎದ್ದಿತು. ಫೋಗ್ಟ್‌ಮನ್ ಕೂಡ ನಕ್ಕ, ನಗುವಿನ ನಡುವೆ ಕಣ್ಣೊರೆಸಿಕೊಂಡ. ಲ್ಯೂರಿಂಗ್ ನಗೆ ನಿಲ್ಲುವವರೆಗೆ ಕಾದು ಥೇಡಾಳ ಕಡೆ ತಿರುಗಿದಳು.

"ಬೆಳಗ್ಗೆ ನಿಮಗೆ ಹೇಳಿದ್ದು ಪುಸ್ತಕದ ಪ್ರಕಾರ ಸರಿ. ಇವತ್ತೂ ಸರಿ. ಆದ್ರೆ ಆ ಸಂದಿಯಲ್ಲಿ ನೀವು ಮಾತಿಗೆ ಕಾದಿದ್ರೆ ಜಾಗ ಸಿಕ್ತಿರ್ಲಿಲ್ಲ. ನಾನು ಮೈಕ್ ಕಿತ್ಕೊಂಡಿದ್ರೆ ಗುಂಡಿ ಬಿಟ್ಟು ಹೋಗಿ ಇನ್ನೊಬ್ಬ ನುಗ್ತಿದ್ದ." ಅವಳು ಚೀಲದಿಂದ ಕಾಗದ ತೆಗೆದಳು. "ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದೀನಿ. ಹನ್ನೊಂದು ವಿಮಾನ ಒಟ್ಟಿಗೆ ಬಾಯಿ ಮುಚ್ಚಿದ್ದು ನಾನು ಕೇಳಿರ್ಲಿಲ್ಲ. ಯಾರ ಮಾತಿಗೂ ಅಷ್ಟು ಮರ್ಯಾದೆ ಸಿಕ್ಕಿದ್ದೂ ನೋಡಿಲ್ಲ."

ಮೇಜಿನ ಮೇಲೆ ಬಗ್ಗಿ ಅವಳು ಸಹಿ ಹಾಕಿದಳು. ಊಬೋ ನಾಯಿಯನ್ನು ಎತ್ತಿ ಹಿಡಿದು ಕೂಗಿದ. ಗಾಡಿಯವರು ಬೂಟಿನಿಂದ ನೆಲ ಕುಟ್ಟಿದರು. ಗೇಶೆ ಥೇಡಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ರೇಮ್ಟ್ ಗಾಜಿನ ಕೋಣೆಯ ಬೀಗದಕೈಯನ್ನು ಗೊಂಚಲಿನಿಂದ ಬಿಡಿಸಲು ಹೋಗಿ ಉಗುರು ಮುರಿದುಕೊಂಡು ಬೈದ. ಥೇಡಾ ಗೋಡೆಗೆ ಒರಗಿ ನಿಂತು ಇದನ್ನೆಲ್ಲ ನೋಡಿದಳು. ತನ್ನೊಳಗೆ ಏನೋ ದೊಡ್ಡದು ಎದ್ದು ನಿಂತು ಮೈ ಮುರಿಯುತ್ತಿದೆ, ಅದಕ್ಕೆ ಎದೆಯ ಜಾಗ ಸಾಲದು ಎನ್ನಿಸಿತು.

"ಒಂದು ಕೆಲಸ ಉಳಿದಿದೆ," ಲ್ಯೂರಿಂಗ್ ಹೇಳಿದಳು. "ಎರಡು ವಿಮಾನ ಎದುರಾದ ಬಗ್ಗೆ ಹೇಳಿಕೆ ಬೇಕು, ಮೊದಲಿಂದ ಕೊನೆವರೆಗೆ. ಮಾಮೂಲಿ ಬಾಯಲ್ಲಿ ಹೇಳ್ತಾರೆ, ನಾನು ಬರ್ಕೊಳ್ತೀನಿ. ನೀವು ಬೇಕಿದ್ರೆ ನಾಳೆ ಬರೆದು ಕೊಡಬಹುದು. ನಿಮಗೆ ಸುಲಭ ಆಗುತ್ತೆ."

ಥೇಡಾ ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತಳು. ಎದುರಿಗೆ ಮೂವತ್ತು ನಲವತ್ತು ಮುಖಗಳು. ಇಷ್ಟು ಜನರ ಮುಂದೆ ಅವಳು ಜೀವಮಾನದಲ್ಲಿ ಬಾಯಿ ತೆರೆದಿರಲಿಲ್ಲ.

"ಇಲ್ಲ," ಅಂದಳು. "ಹೇಳ್ತೀನಿ."

ಹೇಳಿದಳು. ಬಿಸಿಲಿನ ಝಳವನ್ನು, ಬೆಳಕಿನ ಚುಕ್ಕೆಯನ್ನು, ಅದಕ್ಕೆ ಚಕ್ರ ಮೂಡಿದ್ದನ್ನು ಹೇಳಿದಳು. ಪ್ರತಿ ವಾಕ್ಯದ ಬಾಗಿಲಲ್ಲೂ ನಿಂತಳು. ಪ್ರತಿ ಬಾಗಿಲೂ ತೆರೆಯಿತು. ಬೇರೆಯವರಾದರೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕತೆಗೆ ಅವಳು ಅರ್ಧ ಗಂಟೆ ತೆಗೆದುಕೊಂಡಳು. ಒಬ್ಬರೂ ಎದ್ದು ಹೋಗಲಿಲ್ಲ. ಕೊನೆಗೆ ಬರುವಾಗ ಫೋಗ್ಟ್‌ಮನ್, ತಾನೇ ಆ ವಿಮಾನದಲ್ಲಿದ್ದವನು, ಏನಾಯಿತೋ ಎಂಬ ಹಾಗೆ ಬೆಂಚಿನ ಅಂಚಿಗೆ ಸರಿದು ಕೂತಿದ್ದ. ಅವನನ್ನು ನೋಡಿ ಥೇಡಾಳಿಗೆ ನಗು ಬಂತು. ಬೇಕೆಂದೇ ಇನ್ನೂ ಸ್ವಲ್ಪ ಹೊತ್ತು ಅವನನ್ನು ಆಕಾಶದಲ್ಲೇ ಇರಿಸಿ, ಆಮೇಲೆ ಇಳಿಸಿದಳು.